ನೈಲ್ ನದಿಯ ಮುದ್ದೆ

ಜಗತ್ತಿನಲ್ಲಿ ಎಲ್ಲೇ ಯುದ್ಧ ಶುರುವಾಗಲಿ, ಚಿತ್ರದುರ್ಗದಲ್ಲಿ ಒಬ್ಬರ ಊಟ ತಣ್ಣಗಾಗುತ್ತಿತ್ತು. ಅವರು ಗಂಗಾಧರಪ್ಪ ಮೇಷ್ಟ್ರು. ಹೊಳಲ್ಕೆರೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿ ನಿವೃತ್ತರಾದವರು. ಮೂವತ್ತೊಂದು ವರ್ಷದಿಂದ 'ದೇಶಾಂತರ ಗ್ರಂಥಮಾಲೆ'ಯ ಸಂಪಾದಕರು. ನಲವತ್ತೊಂಬತ್ತು ಸಂಪುಟಗಳಲ್ಲಿ ಅವರು ಮುಟ್ಟದ ಖಂಡವಿಲ್ಲ. ಕಾಲಿಟ್ಟು ದಾಟಿದ ಗಡಿ ಮಾತ್ರ ಒಂದೇ, ರಾಯದುರ್ಗದ ಕಡೆಯ ಆಂಧ್ರದ ಗಡಿ. ಅದೂ ನೆಂಟರ ಮದುವೆಗೆ ಹೋದಾಗ.

ಆ ಮಾಲೆಯ ಪುಟಗಳನ್ನು ಸ್ವಂತ ಅಂಗಡಿಯ ಕಂಪ್ಯೂಟರಿನಲ್ಲಿ ಜೋಡಿಸುವವನು ನಾನು, ಓಬಳೇಶ್. ನಲವತ್ತೊಂಬತ್ತನ್ನೂ ಪೂರ್ತಿ ಓದಿದವರು ಭೂಮಿಯ ಮೇಲೆ ಇಬ್ಬರೇ, ಮೇಷ್ಟ್ರು ಮತ್ತು ನಾನು. ಬರೆದವರೂ ತಮ್ಮ ತಮ್ಮ ಲೇಖನ ಬಿಟ್ಟು ಬೇರೆಯದನ್ನು ಓದುವುದಿಲ್ಲ. ಕೆಲವರು ತಮ್ಮದನ್ನೂ ಓದಿರುವುದಿಲ್ಲ. ಅಧ್ಯಾಪಕರಿಗೆ ಬಡ್ತಿಯ ಅಂಕ ಬೇಕು, ಅಂಕಕ್ಕೆ ಪುಸ್ತಕದಲ್ಲಿ ಹೆಸರು ಬೇಕು, ಅಷ್ಟೇ. ಮಾಲೆಯನ್ನು ಹೊರತರುವ ಪ್ರತಿಷ್ಠಾನದ ಅಧ್ಯಕ್ಷರು ಎರ್ರಿಸ್ವಾಮಿ. ಸಂಪುಟ ಯಾವ ದೇಶದ್ದೇ ಇರಲಿ, ಮೊದಲ ಎಂಟು ಪುಟ ಅವರ ದೇಶ. ಅವರ ಭಾವಚಿತ್ರ, ಅವರ ಸಂದೇಶ, ಅವರಿಗೆ ಸನ್ಮಾನವಾದ ಚಿತ್ರಗಳು. ಕೊರಿಯಾ ಬೇಕೆಂದವರು ಒಂಬತ್ತನೇ ಪುಟದವರೆಗೆ ಕಾಯಬೇಕು.

ಐವತ್ತನೇ ಸಂಪುಟದ ವಿಷಯ ನದಿ ನೀರಿನ ವ್ಯಾಜ್ಯಗಳು. ಬಿಡುಗಡೆಯ ದಿನ ಮೇಷ್ಟ್ರಿಗೆ ಶಾಲು, ಪೇಟ, ಅವರ ಹೆಸರಿನಲ್ಲೊಂದು ಸಂಶೋಧನಾ ಬಹುಮಾನ ಎಂದೆಲ್ಲ ನಿಶ್ಚಯವಾಗಿತ್ತು. ಮೂವತ್ತೊಂದು ವರ್ಷ ಯಾರೂ ಕೇಳದ ಮನುಷ್ಯ ಆ ತಿಂಗಳು ಕನ್ನಡಿಯ ಮುಂದೆ ಪೇಟದ ಅಳತೆ ನೋಡಿಕೊಳ್ಳುತ್ತಿದ್ದರೆಂದು ಅವರ ಹೆಂಡತಿ ವೀರಮ್ಮ ಹೇಳಿದರು. ನನಗೆ ನಗು ಬರಲಿಲ್ಲ.

ಆಗ ಬಂತು ಮೋಹನ್‌ಕುಮಾರ್ ಲೇಖನ. ಈತ ಹೊಸದುರ್ಗದಲ್ಲಿ ಅಧ್ಯಾಪಕ, ಎರ್ರಿಸ್ವಾಮಿಯವರ ಅಳಿಯ, ಬಡ್ತಿಗಾಗಿ ಕಾದು ಕೂತವನು. ನೈಲ್ ನದಿಯ ದಂಡೆಯಲ್ಲಿ ಯೂಸುಫ್ ಎಂಬ ಈಜಿಪ್ಟಿನ ರೈತನನ್ನು ತಾನೇ ಮಾತಾಡಿಸಿದೆನೆಂದು ಬರೆದಿದ್ದ. ಯೂಸುಫ್ ಕಣ್ಣೊರೆಸಿಕೊಂಡು ಹೇಳಿದನಂತೆ: "ಮೇಲಿನ ಹೊಲದವನು ಕೈ ತೊಳೆದ ನೀರಿನಲ್ಲಿ ಕೆಳಗಿನ ಹೊಲದವನು ಮುದ್ದೆ ತಿರುವಬೇಕು."

ಮೇಷ್ಟ್ರು ಅವನನ್ನು ನನ್ನ ಅಂಗಡಿಗೇ ಕರೆಸಿದರು.

"ಬರ್ರಿ, ಕುಂತ್ಕಳ್ರಿ. ಈಜಿಪ್ಟಿಗೆ ಯಾವಾಗ ಹೋಗಿದ್ರಿ?"

"ಆನ್‌ಲೈನ್‌ನಾಗೆ ಮಾತಾಡ್ಸಿದ್ದು ಸಾರ್."

"ಯೂಸುಫ್ ರಾಗಿ ಮುದ್ದೆ ಉಣ್ತಾನೇನ್ರಿ?"

ಮೋಹನ್‌ಕುಮಾರ್ ಬೆವರಲಿಲ್ಲ. ಬ್ಯಾಗಿನಿಂದ ಹಳದಿಯಾದ ಒಂಬತ್ತನೇ ಸಂಪುಟ ತೆಗೆದು ಮೇಜಿನ ಮೇಲಿಟ್ಟ. "ನಿಮ್ಮ ಲೇಖನದಾಗೂ ಈಜಿಪ್ಟಿನ ರೈತ ಮುದ್ದೆನೇ ತಿರುವ್ಯಾನೆ ಸಾರ್. ನಂದು ಸುಳ್ಳಾದ್ರೆ ನಿಮ್ದು ಏನು?"

ನಾನು ಪುಟ ತಿರುವಿದೆ. ಇತ್ತು. ಅದೇ ಮಾತನ್ನು "ಈಜಿಪ್ಟಿನ ರೈತರ ಗಾದೆ" ಎಂದು ಮೇಷ್ಟ್ರೇ ಬರೆದಿದ್ದರು. ನಾನೇ ಜೋಡಿಸಿದ್ದೆ. ಇಪ್ಪತ್ತಾರು ವರ್ಷದಲ್ಲಿ ಎಷ್ಟೋ ಪ್ರಬಂಧಗಳು ಆ ಮಾತನ್ನು ಎತ್ತಿಕೊಂಡವು. ನೈಲ್ ದಂಡೆಯಲ್ಲಿ ಮುದ್ದೆ ಎಲ್ಲಿಂದ ಬಂತೆಂದು ಒಬ್ಬನೂ ಕೇಳಲಿಲ್ಲ. ಮುದ್ದೆ ಉಣ್ಣದ ರೈತ ಜಗತ್ತಿನಲ್ಲಿ ಇದ್ದಾನೆಂದು ನಮ್ಮ ಜಿಲ್ಲೆಯವರಿಗೆ ತೋಚುವುದಾದರೂ ಹೇಗೆ?

ಅವನು ಹೋದ ಮೇಲೆ ಮೇಷ್ಟ್ರು ನಿಜ ಹೇಳಿದರು. ಆ ಲೇಖನಕ್ಕೆ ರೈತನ ಮಾತೊಂದು ಬೇಕಿತ್ತು, ಈಜಿಪ್ಟು ದೂರವಿತ್ತು. ಚಿಕ್ಕಜಾಜೂರಿನ ಪ್ಲಾಟ್‌ಫಾರಮ್ಮಿನಲ್ಲಿ ರೈಲಿಗೆ ಕಾಯುತ್ತಾ ತಮ್ಮ ತಾಯಿಯ ಮಾತೊಂದನ್ನು ಬರೆದು ಅದಕ್ಕೆ ಈಜಿಪ್ಟಿನ ಹೆಸರು ಕೊಟ್ಟಿದ್ದರು.

ಸಂಜೆಯೇ ಎರ್ರಿಸ್ವಾಮಿಯವರ ಫೋನು ಬಂತು. "ಮೇಷ್ಟ್ರೇ, ಶಾಲು ತಂದಾಗೈತೆ. ಈಗ್ಯಾಕೆ ಹಳೇದೆಲ್ಲ ಕೆದಕ್ತೀರಿ? ಲೇಖನ ಹಂಗೇ ಹೋಗ್ಲಿ." ಲೇಖನ ಹೋದರೆ ಅಳಿಯನ ಬಡ್ತಿ, ಮೇಷ್ಟ್ರ ಪೇಟ, ಎರಡೂ ಉಳಿಯುತ್ತವೆ. ತಡೆದರೆ ಮೊದಲ ಕಳ್ಳ ತಾನೇ ಎಂದು ಮೇಷ್ಟ್ರು ಒಪ್ಪಿಕೊಳ್ಳಬೇಕು. ಅನ್ನುವ ಹಾಗಿಲ್ಲ, ಅನುಭವಿಸುವ ಹಾಗಿಲ್ಲ.

ಮಾರನೇ ದಿನ ಮೇಷ್ಟ್ರು ಹಿರಿಯೂರಿನ ಬಸ್ಸು ಹತ್ತಿ ತಮ್ಮೂರು ಆದಿವಾಲಕ್ಕೆ ಹೊರಟರು. ನನ್ನನ್ನೂ ಕರೆದರು. ಅವರ ತಾಯಿ, ತೊಂಬತ್ತರ ಮುದ್ದಕ್ಕ, ಚಿಕ್ಕ ಮಗನ ಮನೆಯಲ್ಲಿ, ಮೊಮ್ಮಕ್ಕಳ ಗದ್ದಲದ ನಡುವೆ ಅವರೆಕಾಯಿ ಸುಲಿಯುತ್ತಿದ್ದಳು. ಅವರ ಹೊಲ ಮಾರಿಕಣಿವೆ ನಾಲೆಯ ತುದಿಯಲ್ಲಿದೆ. ಮೇಲಿನವರೆಲ್ಲ ಹಾಯಿಸಿಕೊಂಡ ಮೇಲೆ ಉಳಿದ ನೀರು ಅವರದು. ಮೇಷ್ಟ್ರು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದರು.

ಮುದ್ದಕ್ಕ ಕೇಳಿದಳು, "ಆ ದೇಶದಾಗೂ ತುದೀ ಹೊಲದೋರು ಅದಾರೇನಲೇ?"

"ಅದಾರಮ್ಮ."

"ಹಂಗಾರೆ ಮಾತು ಅವರೂ ಇಟ್ಕಳ್ಲಿ, ಏನು ಹೋಗ್ತೈತೆ." ಇನ್ನೊಂದು ಕಾಯಿ ಸುಲಿದಳು. "ಆದ್ರೆ ಗಂಗಣ್ಣ, ಯಾರೋ ಕಾಣದೋನ ಹೆಸರು ಬರೆದ್ಯಲ್ಲ, ನಮ್ಮವ್ವ ಅಂತ ಬರೆಯಾಕೆ ನಾಚಿಕೆ ಆತೇನಪ್ಪ?"

ಮೇಷ್ಟ್ರು ನಾಲ್ಕು ಕಾಯಿ ಕೈಗೆ ತೆಗೆದುಕೊಂಡು ಅವಳ ಜೊತೆ ಸುಲಿಯಲು ಕೂತರು. ವಿಶ್ವಸಂಸ್ಥೆಯ ನಿರ್ಣಯಗಳನ್ನು ಬಾಯಿಪಾಠ ಒಪ್ಪಿಸುವವರಿಗೆ ಒಂದು ಕಾಯಿಯೂ ನೆಟ್ಟಗೆ ಸುಲಿಯಲು ಬರಲಿಲ್ಲ.

ವಾಪಸು ಬಂದವರೇ ಮೋಹನ್‌ಕುಮಾರ್ ಲೇಖನ ಕಿತ್ತುಹಾಕಿಸಿದರು. ಆ ಜಾಗಕ್ಕೆ ನಾಲ್ಕು ಸಾಲು ಬರೆದುಕೊಟ್ಟು, "ಅಡಿಟಿಪ್ಪಣಿ ಅಕ್ಷರದಾಗೆ ಹಾಕಪ್ಪ ಓಬಳೇಶ, ಸಣ್ಣದಾಗಿ" ಎಂದರು. ಎರ್ರಿಸ್ವಾಮಿಯವರು ಆ ಪುಟ ತೆಗಿ ಎಂದು ನನಗೆ ಫೋನು ಮಾಡಿದಾಗ ಅಚ್ಚಾಗಿ ಹೋಯಿತೆಂದೆ. ಆಗಿರಲಿಲ್ಲ. ಸುಳ್ಳು ಹೇಳುವುದನ್ನು ನಾನೂ ನಲವತ್ತೊಂಬತ್ತು ಸಂಪುಟ ಕಲಿತಿದ್ದೇನೆ.

ಬಿಡುಗಡೆಯ ದಿನ ಶಾಲು ಎರ್ರಿಸ್ವಾಮಿಯವರಿಗೇ ಹೊದಿಸಿದರು. ಐವತ್ತೊಂದನೇ ಸಂಪುಟದ ಸಂಪಾದಕ ಮೋಹನ್‌ಕುಮಾರ್ ಎಂದು ಘೋಷಣೆಯಾಯಿತು. ಮೇಷ್ಟ್ರು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು. ಆಮೇಲೆ ತಮ್ಮ ಪ್ರತಿಯಲ್ಲಿ ಆ ಪುಟಕ್ಕಾಗಿ ಹಿಂದೆ ಮುಂದೆ ತಿರುವಿದರು. ಸಣ್ಣ ಅಕ್ಷರ ಹುಡುಕುತ್ತಿದ್ದರು, ಪಾಪ. ಅಧ್ಯಕ್ಷರ ಹೆಸರಿಗೆ ಹಾಕುವ ದಪ್ಪ ಅಕ್ಷರದಲ್ಲಿ ನಾನು ಇಡೀ ಪುಟ ತುಂಬಿಸಿದ್ದೆ:

"ಒಂಬತ್ತನೇ ಸಂಪುಟದ ಗಾದೆ ಈಜಿಪ್ಟಿನದಲ್ಲ. ಹೇಳಿದವಳು ಮುದ್ದಕ್ಕ, ಆದಿವಾಲ, ನಾಲೆಯ ತುದಿಯ ಹೊಲದವಳು. ಅವಳು ನನ್ನ ತಾಯಿ. ಇದನ್ನು ಬರೆಯಲು ನನಗೆ ಇಪ್ಪತ್ತಾರು ವರ್ಷ ಹಿಡಿಯಿತು."