ಗುಡ್ಡದ ನೆತ್ತಿಯಿಂದ ಒಂದು ಕೂಗು

ಮಂಜು ಇತ್ತೋ ಇಲ್ಲವೋ ಈಗ ಹೇಳಲಾರೆ. ಆಮೇಲೆ ನೆನಪಿಗೆ ನಾನೇ ಸೇರಿಸಿಕೊಂಡಿರಬಹುದು. ಕಳಸದ ಕಡೆಯ ಆ ಕೆರೆಯೂರಿನ ಟೀ ಅಂಗಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಅಂಗಡಿಯ ಸರೋಜಕ್ಕ ಹಾಲು ಕಾಯಿಸುತ್ತಲೇ ಕೆರೆಯಾಚೆಯ ಗುಡ್ಡದ ಕಡೆ ನೋಡುತ್ತಿದ್ದರು. ಎಸ್ಟೇಟಿನಲ್ಲಿ ಜೀಪ್ ಓಡಿಸುತ್ತಿದ್ದ ಅವರ ಗಂಡ ಎದೆಯ ಆಪರೇಷನ್ ಆದಮೇಲೆ ಮೊದಲ ಸಲ ಅದನ್ನು ಹತ್ತಲು ಹೋಗಿದ್ದರು. ಬೇಸಿಗೆಯಲ್ಲಿ ಕೆರೆಯ ಏರಿಯ ಮೇಲೆ ನಡೆದು ಶುರು ಮಾಡಿದ್ದರಂತೆ, ಅದು ಸಮತಟ್ಟು. ಮಳೆ ಮುಗಿದ ಮೇಲೆ ತೋಟದ ರಸ್ತೆ, ಸ್ವಲ್ಪ ಚಡಾವು. ಅವತ್ತು ಗುಡ್ಡ. ನೆತ್ತಿ ಮುಟ್ಟಿದ ಕೂಡಲೇ ಅವರು ಕೂ ಹಾಕಬೇಕು, ಇಲ್ಲಿಂದ ಅಕ್ಕ ಮರುಕೂಗು ಕೊಡಬೇಕು ಎಂದು ಮಾತಾಗಿತ್ತು.

"ಜೀಪಲ್ಲೇ ಹೋಗ್ಬಹುದಿತ್ತಲ್ಲ ಸರೋಜಕ್ಕ?" ಬೆಂಚಿನ ಮೇಲಿದ್ದ ಮೇಸ್ತ್ರಿ ಕೆಣಕಿದ.

"ಜೀಪಲ್ಲಿ ಕೂತು ಕೂತೇ ಹಿಂಗಾಗಿದ್ದು ಮಾರಾಯ. ಸುಮ್ನೆ ಟೀ ಕುಡಿ."

ಅಷ್ಟರಲ್ಲಿ ಗುಡ್ಡದ ಕಡೆಯಿಂದ ಸಣ್ಣಗೆ ಕೂ ಕೇಳಿಸಿತು.

"ಅದು ಸೌದೆಗೆ ಹೋದವ್ರದ್ದು," ಎಂದ ಮೇಸ್ತ್ರಿ. "ನಿಮ್ಮವ್ರ ದನಿ ಅಷ್ಟು ತೆಳು ಇಲ್ಲ."

"ಹತ್ತಿದ ಮೇಲೆ ದಮ್ಮೆಲ್ಲಿರುತ್ತೆ?"

ಅಲ್ಲಿಯವರೆಗೆ ಮೆಲ್ಲಗೆ ಮಾತಾಡುತ್ತಿದ್ದ ಆಕೆ ರಸ್ತೆಗಿಳಿದು, ಸೆರಗು ಸಿಕ್ಕಿಸಿ, ನಾವೆಲ್ಲ ಬೆಚ್ಚುವಂತೆ ಕೂ ಎಂದರು. ನಂತರ ಒಳಗೆ ಹೋಗಿ ಗಂಡನ ಸ್ನಾನಕ್ಕೆ ಹಂಡೆಯ ಬುಡದಲ್ಲಿ ಬೆಂಕಿ ಹಾಕಿದರು.

ಬಸ್ಸು ಬಂತು, ಹತ್ತಿದೆ. ಎಂಜಿನ್ನಿನ ಸದ್ದಿನಲ್ಲಿ ಇನ್ನೊಂದು ಕೂ ಬಂದಿದ್ದರೂ ನನಗೆ ಕೇಳಿಸುತ್ತಿರಲಿಲ್ಲ. ಮೊದಲನೆಯದು ಯಾರದೆಂದು ನನಗೆ ಗೊತ್ತಿಲ್ಲ.