ರಜೆಯ ದಿನ ತಾನೇ ಉರಿದ ಲೇಸರ್

ಕೊರೋನಾ ಕಳೆದ ಮೇಲಿನ ಎರಡನೇ ದಸರಾ ಅದು. ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಇಲೆಕ್ಟ್ರಿಕಲ್ ಮೇಂಟೆನನ್ಸ್ ಇಂಜಿನಿಯರ್ ಆಗಿದ್ದು ಆಗಷ್ಟೇ ನಿವೃತ್ತನಾಗಿದ್ದೆ. ಮನೆಯಲ್ಲಿ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಹಾಗಾಗಿ ಸಣ್ಣ ಲೇಸರ್ ಕಟಿಂಗ್ ಮಷೀನುಗಳ ರಿಪೇರಿಗೆ ಇಳಿದಿದ್ದೆ. ಹವ್ಯಾಸಕ್ಕೆಂದು ಮಾರುವ ಈ ಪೆಟ್ಟಿಗೆಗಳನ್ನು ಮುಂಬಯಿಯಲ್ಲಿ ಹೊಟ್ಟೆಪಾಡಿಗೆ ಇಟ್ಟುಕೊಂಡವರೇ ಹೆಚ್ಚು.

ಪೆಟ್ಟಿಗೆಯ ಹಿಂಭಾಗದಲ್ಲಿ ಅರವತ್ತು ವ್ಯಾಟಿನ ಗಾಜಿನ ಟ್ಯೂಬ್ ಇರುತ್ತದೆ. ಅದರ ಕಿರಣ ಕನ್ನಡಿಗಳಿಂದ ತಿರುಗಿ, ನಾಜಲ್ ಎಂಬ ಸಣ್ಣ ಮೂತಿಯಿಂದ ಕೆಳಗಿಳಿದು ಅಕ್ರಿಲಿಕ್ ಹಾಳೆಯನ್ನು ಕತ್ತರಿಸುತ್ತದೆ. ಕಿರಣ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಮುಚ್ಚಳಕ್ಕೊಂದು ಸ್ವಿಚ್ ಬೇಕು. ಮುಚ್ಚಳ ತೆರೆದರೆ ಲೇಸರ್ ನಿಲ್ಲಬೇಕು. ಇದನ್ನೇ ಇಂಟರ್‌ಲಾಕ್ ಎನ್ನುವುದು.

ಘಾಟ್ಕೋಪರಿನ ಮಹಾದೇವಿಯ ಮಷೀನಿಗೆ ಅದು ಇರಲೇ ಇಲ್ಲ. ಆಕೆ ವಿಜಯಪುರದ ಕಡೆಯವಳು, ಮೂವತ್ತೈದರ ಆಸುಪಾಸು. ಒಂದು ಸಣ್ಣ ಗಾಲಾದಲ್ಲಿ, ಅಂದರೆ ಒಂದೇ ಕೋಣೆಯ ಮಳಿಗೆಯಲ್ಲಿ, ಒಬ್ಬಳೇ ಕೂತು ಹೌಸಿಂಗ್ ಸೊಸೈಟಿಗಳ ಮನೆಬಾಗಿಲಿಗೆ ನೇಮ್‌ಪ್ಲೇಟ್ ಮಾಡುತ್ತಿದ್ದಳು. ದಸರೆಗೆ ಮೂರು ವಾರ ಮೊದಲು ನಾನೇ ಸ್ವಿಚ್ ಕೂರಿಸಿ, ಅದರ ವೈರನ್ನು ಕಂಟ್ರೋಲರ್‌ಗೆ, ಅಂದರೆ ಮಷೀನನ್ನು ನಡೆಸುವ ಬೋರ್ಡಿಗೆ, ಜೋಡಿಸಿದೆ. ಬೋರ್ಡಿನಲ್ಲಿ ‘ಡೋರ್’ ಎಂದು ಬರೆದ ಜಾಗವೇ ಇತ್ತು. ಹತ್ತು ಸಲ ಮುಚ್ಚಳ ತೆರೆದು ನೋಡಿದೆ, ಹತ್ತು ಸಲವೂ ಲೇಸರ್ ನಿಂತಿತು. “ಇನ್ನ ಆರಾಮ ಕೈ ಹಾಕವ್ವಾ, ಏನೂ ಆಗಂಗಿಲ್ಲ” ಎಂದೆ. ಸ್ವಲ್ಪ ಜಂಬದಿಂದಲೇ ಹೇಳಿದೆ, ಸುಳ್ಳೇಕೆ.

ಆಯುಧಪೂಜೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕರೆದಿದ್ದಳು. ಮುಚ್ಚಳ ಪೂರ್ತಿ ತೆರೆದಿತ್ತು. ಒಳಗಿನ ಜಾಲರಿಯ ಮೇಲೆ ಚೆಂಡುಹೂವು, ಅಕ್ಕಪಕ್ಕ ಬಾಳೆಗಿಡ. ಪ್ಯಾನಲ್ ಮೇಲೆ ಎಂಥ ದಪ್ಪ ಹಾರ ಬಿದ್ದಿತ್ತೆಂದರೆ ಕೆಂಪು ಎಮರ್ಜೆನ್ಸಿ ಬಟನ್ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ.

“ಇವತ್ತ ಇದಕ್ಕೂ ರಜಾ ಕಾಕಾ. ಕಂಟ್ರೋಲರ್ ಸ್ವಿಚ್ ಹಾಕಂಗಿಲ್ಲ. ಬರೇ ಮೇನ್ ಹಾಕಿ ಒಳಗಿನ ಲೈಟ್ ಹಚ್ಚತೀನಿ. ದೇವರ ಮುಂದ ಕತ್ತಲಿ ಇರಬಾರದಲ್ಲ?”

ಆಗಲಿ ಎಂದು ನಾನು ತಲೆಯಾಡಿಸಿದೆ. ಮೂವತ್ತೊಂದು ವರ್ಷ ಸರ್ವಿಸ್ ಮಾಡಿದವನು ತಲೆಯಾಡಿಸಿದೆ!

ಅವಳು ಮೇನ್ ಸ್ವಿಚ್ ಒತ್ತಿದಳು, ದೀಪ ಹತ್ತಿತು. ಎಡಗೈಯಲ್ಲಿ ಗಂಟೆ ಬಾರಿಸುತ್ತ ಊದುಬತ್ತಿ ಬೆಳಗಿದಳು. ಆಮೇಲೆ ಗಂಟೆ ನಿಲ್ಲಿಸದೆಯೇ ಪೇಢೆ ಇಟ್ಟ ಸ್ಟೀಲ್ ತಟ್ಟೆಯನ್ನು ನಾಜಲ್ ಕೆಳಗೆ ನೈವೇದ್ಯಕ್ಕಿಡಲು ಬಗ್ಗಿದಳು. ಆಗ ನನ್ನ ಕಣ್ಣಿಗೆ ಬಿದ್ದದ್ದು ಒಂದು ಚೆಂಡುಹೂವು. ನಾಜಲ್‌ನ ನೇರ ಕೆಳಗಿದ್ದ ಆ ಹೂವಿನಿಂದ ಎಳೆಯಂಥ ಹೊಗೆ ಏಳುತ್ತಿತ್ತು. ಊದುಬತ್ತಿ ಇದ್ದದ್ದು ಈ ಕಡೆ. ಹೂವಿನ ನಡುವೆ ಕಪ್ಪು ತೂತು ಬೀಳುತ್ತಿತ್ತು.

ತಟ್ಟೆ ಇನ್ನೊಂದು ಗೇಣು ಒಳಗೆ ಹೋದರೆ ಕಿರಣ ಅದಕ್ಕೆ ಬಡಿದು ಮೇಲಕ್ಕೇ ಚಿಮ್ಮುತ್ತದೆ, ಮೇಲಿರುವುದು ಅವಳ ಮುಖ. “ಮಹಾದೇವೀ, ನಿಲ್ಲು!” ಎಂದು ಚೀರಿದೆ. ಗಂಟೆಯ ಸದ್ದಿನಲ್ಲಿ ಕೇಳಿಸಲಿಲ್ಲ. ಮುನ್ನುಗ್ಗಿ ಅವಳ ಮೊಣಕೈ ಹಿಡಿದು ಹಿಂದಕ್ಕೆಳೆದೆ. ತಟ್ಟೆ ಠಣ್ಣೆಂದು ಬಿತ್ತು, ಪೇಢೆ ನೆಲದ ತುಂಬ ಉರುಳಿದವು. ಬಟನ್ ಹುಡುಕುವ ಗೋಜಿಗೆ ಹೋಗದೆ ಗೋಡೆಯ ಪ್ಲಗ್ಗನ್ನೇ ಕಿತ್ತೆ.

“ಏನ್ ಮಾಡಿದ್ರಿ ಕಾಕಾ! ದೇವರ ನೈವೇದ್ಯ!” ಎಂದು ಅವಳು ಸಿಟ್ಟಿನಿಂದ ತಿರುಗಿದಳು. ನಾನು ಹೂವು ತೋರಿಸಿದೆ. ನೋಡಿ ಹಾಗೇ ಸ್ಟೂಲಿನ ಮೇಲೆ ಕುಸಿದಳು.

“ಯಪ್ಪಾ… ಕಣ್ಣು ಉರೀಲಿಕ್ಕತ್ತೈತಿ ಕಾಕಾ.”

ಹೊಗೆಗೋ, ಕಿರಣಕ್ಕೋ? ತಟ್ಟೆಯ ಅಂಚು ಕಿರಣಕ್ಕೆ ತಾಗಿತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಕೂದಲೆಳೆಯಂಥ ಅಕ್ಷರ ಕತ್ತರಿಸಿ ಬದುಕುವವಳ ಕಣ್ಣು ಅದು. ರಿಕ್ಷಾ ಹಿಡಿದು, ಹಬ್ಬದ ದಿನವೂ ತೆರೆದಿದ್ದ ಆಸ್ಪತ್ರೆಯೊಂದಕ್ಕೆ ಓಡಿದೆವು. ಕಣ್ಣಿನ ಡಾಕ್ಟರು ಒಳಗೆ ಪರೀಕ್ಷಿಸುವಷ್ಟು ಹೊತ್ತೂ ನಾನು ಹೊರಗೆ ಬೆಂಚಿನ ಮೇಲೆ ಕೂತು ಆ ಮಷೀನಿನ ಒಂದೊಂದೇ ವೈರನ್ನು ಮನಸ್ಸಿನಲ್ಲೇ ಹಿಂಬಾಲಿಸಿದೆ.

ಆ ಬೆಂಚಿನ ಮೇಲೆಯೇ ನನ್ನ ತಪ್ಪು ನನಗೆ ಹೊಳೆದದ್ದು. ಕಂಟ್ರೋಲರ್‌ನಿಂದ ಟ್ಯೂಬಿನ ಪವರ್ ಸಪ್ಲೈಗೆ ಒಂದು ವೈರ್ ಹೋಗುತ್ತದೆ. ಅದರಲ್ಲಿ ಐದು ವೋಲ್ಟ್ ಇರುವವರೆಗೆ ಲೇಸರ್ ಸುಮ್ಮನಿರುತ್ತದೆ, ವೋಲ್ಟೇಜ್ ಇಳಿದರೆ ಉರಿ ಎಂದರ್ಥ. ಮೇನ್ ಹಾಕಿದರೆ ಪವರ್ ಸಪ್ಲೈಗೂ ಕರೆಂಟ್ ಹೋಗುತ್ತದೆ. ಕಂಟ್ರೋಲರ್‌ಗೆ ರಜೆ ಕೊಟ್ಟರೆ ಆ ಐದು ವೋಲ್ಟ್ ಎಲ್ಲಿಂದ ಬರಬೇಕು? ಮುಚ್ಚಳದ ಸ್ವಿಚ್ ದೂರು ಹೇಳಬೇಕಿದ್ದದ್ದೂ ಅದೇ ಕಂಟ್ರೋಲರ್‌ಗೆ, ಅದೋ ಆರಿಹೋಗಿತ್ತು. ನಾನು ಸ್ವಿಚ್ಚನ್ನು ನೇರವಾಗಿ ಪವರ್ ಸಪ್ಲೈಗೆ ಕೊಟ್ಟು ಅದನ್ನೇ ಕಡಿದುಹಾಕುವಂತೆ ಮಾಡಬೇಕಿತ್ತು. ಹತ್ತು ಸಲ ಪರೀಕ್ಷಿಸಿದ್ದೆ ನಿಜ, ಹತ್ತು ಸಲವೂ ಕಂಟ್ರೋಲರ್ ಚಾಲೂ ಇತ್ತು.

ಮಹಾದೇವಿ ಹೊರಗೆ ಬಂದಳು. ಕಣ್ಣಿಗೆ ಏನೂ ಆಗಿಲ್ಲ, ಹೊಗೆಯ ಉರಿ ಅಷ್ಟೇ ಎಂದು ಡಾಕ್ಟರು ಹೇಳಿದ್ದರು. ನನಗೆ ಹೋದ ಜೀವ ಬಂದಂತಾಯಿತು. ತಪ್ಪು ನನ್ನದೆಂದು ಅಲ್ಲೇ ಒಪ್ಪಿಕೊಂಡೆ. ಅವಳು ಬೈಯಲಿಲ್ಲ.

“ಮೊದಲ ನಾ ಪ್ಲಗ್ ಕಿತ್ತ ಕೈ ಹಾಕತಿದ್ದೆ ಕಾಕಾ, ಅಂಜಿಕಿ ಇತ್ತು. ನೀವು ಸ್ವಿಚ್ ಹಾಕಿದ ಮ್ಯಾಲೆ ಬಿಟ್ಟೆ.” ಆಮೇಲೆ ಕೇಳಿದಳು, “ಇನ್ನ ಎಷ್ಟ ಮಷೀನಿಗೆ ಹಿಂಗ ಮಾಡೀರಿ?”

ಇನ್ನೂ ಎರಡಕ್ಕೆ. ಇವತ್ತು ಎಲ್ಲ ಕಡೆಯೂ ಪೂಜೆ.

ಆ ಇಬ್ಬರಲ್ಲಿ ವಿಕ್ರೋಳಿಯವನು ಮೊದಲ ರಿಂಗಿಗೇ ಫೋನ್ ಎತ್ತಿದ. “ಪ್ಲಗ್ ಕೀಳು, ಕಾರಣ ಆಮೇಲೆ” ಎಂದೆ. ಮಲಾಡಿನ ವಸಂತನದು ಮಾತ್ರ ಸ್ವಿಚ್ ಆಫ್. ಉಡುಪಿ ಕಡೆಯ ವಸಂತ ಹೋಟೆಲುಗಳಿಗೆ ಮೆನು ಬೋರ್ಡ್ ಮಾಡುವವನು. ಮೆಟ್ರೋದಲ್ಲಿ ಅಂಧೇರಿ, ಅಲ್ಲಿಂದ ಲೋಕಲ್. ಹನ್ನೆರಡು ಸಲ ಫೋನ್ ಮಾಡಿದೆ. ಪ್ರತಿ ಸ್ಟೇಷನ್ನಿನಲ್ಲೂ ಗಾಡಿ ಬೇಕೆಂದೇ ಹೆಚ್ಚು ಹೊತ್ತು ನಿಂತಂತೆ ಅನಿಸುತ್ತಿತ್ತು. ಅಕ್ಕಪಕ್ಕದವರು ಹಬ್ಬದ ಹೊಸ ಬಟ್ಟೆಯಲ್ಲಿ ನಗುತ್ತಿದ್ದರು. ನನಗೆ ಮಾತ್ರ ವಸಂತನ ಎರಡು ಕಣ್ಣು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳನುಗ್ಗಿದೆ. ಮುಚ್ಚಿದ ಮುಚ್ಚಳದ ಮೇಲೆ ಹಾರ, ಒಳಗೆ ದೀಪ. ವಸಂತನ ಒಂದು ಕೈಯಲ್ಲಿ ತೆಂಗಿನಕಾಯಿಯ ತಟ್ಟೆ, ಇನ್ನೊಂದು ಕೈ ಮುಚ್ಚಳದ ಹಿಡಿಯ ಮೇಲೆ. ಮೊಬೈಲೂ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಮಲಗಿತ್ತು.

“ಮುಟ್ಟಬೇಡ!” ಎಂದು ಪ್ಲಗ್ ಕಿತ್ತೆ.

“ಎಂತ ಮಾರಾಯ್ರೆ, ಭೂತ ಕಂಡವರ ಹಾಗೆ? ನೈವೇದ್ಯ ಇಡ್ಲಿಕ್ಕೆ ತೆಗೀತಾ ಇದ್ದೆ ಅಷ್ಟೆ.”

ಮುಚ್ಚಳ ನಾನೇ ಎತ್ತಿದೆ. ನಾಜಲ್ ಕೆಳಗೆ ಬಿದ್ದಿದ್ದ ಅಕ್ರಿಲಿಕ್ ತುಂಡು ಕರಗಿ ಗುಳ್ಳೆಯೆದ್ದು ಇನ್ನೂ ಹೊಗೆಯಾಡುತ್ತಿತ್ತು. ವಸಂತ ತಟ್ಟೆ ಕೆಳಗಿಟ್ಟು ಬಗ್ಗಿ ನೋಡಿದ.

“ಕಂಟ್ರೋಲರ್ ಹಾಕಲೇ ಇಲ್ಲ ನಾನು. ಮತ್ತೆ ಇದನ್ನು ಉರಿಸಿದ್ದು ಯಾರು?”

“ನಾನು” ಎಂದೆ.

ಅದೇ ವಾರ ಮೂರೂ ಮಷೀನುಗಳ ವೈರಿಂಗ್ ಬದಲಿಸಿದೆ. ಈಗ ಕಂಟ್ರೋಲರ್ ಆರಿಸಿಯೂ ಪರೀಕ್ಷಿಸುತ್ತೇನೆ. ಆದರೆ ವೈರಿಂಗನ್ನು ಪುಸ್ತಕ ನೋಡಿಯೂ ಕಲಿಯಬಹುದು. ಅರವತ್ತು ದಾಟಿದ ಮೇಲೆ ಈ ಕೆಲಸ ನನಗೆ ಕಲಿಸಿದ್ದು ಬೇರೆ. ಮಹಾದೇವಿಗೆ ಅಂಜಿಕೆ ಇತ್ತು, ಅಷ್ಟು ದಿನ ಅವಳ ಕಣ್ಣು ಕಾದದ್ದು ಆ ಅಂಜಿಕೆಯೇ. ಅದನ್ನು ಒಂದು ಮಾತಿನಲ್ಲಿ ಕಿತ್ತುಕೊಂಡವನು ನಾನು. ಈಗ ಎಷ್ಟೇ ಒಳ್ಳೆಯ ಸ್ವಿಚ್ ಹಾಕಿಕೊಟ್ಟರೂ, ಏನೂ ಆಗುವುದಿಲ್ಲ ಎಂದು ಯಾರಿಗೂ ಹೇಳುವುದಿಲ್ಲ.