ದೊಡ್ಡವ್ವನ ಕೊಟ್ಟಿಗೆಯಲ್ಲಿ ಆಡಿದ ಮಾತು

ಮೊನ್ನೆ ರಾಮನಾಥಪುರದ ಹರಾಜಿಗೆ ಹೊರಟ ಟೆಂಪೊ ಪಕ್ಕದಲ್ಲೇ ಹಾದುಹೋಯಿತು. ಬೆಂದ ಹೊಗೆಸೊಪ್ಪಿನ ಘಾಟು ಮೂಗಿಗೆ ಬಡಿದಿದ್ದೇ ತಡ, ಎದುರು ಮನೆಯ ದೊಡ್ಡವ್ವ ನೆನಪಾದಳು. ಹೊಟ್ಟೆಯೊಳಗಿನ ಸಿಟ್ಟೂ ಎದ್ದು ಕೂತಿತು.

ಪಂಚಾಯ್ತಿ ಎಲೆಕ್ಷನ್ ಮುಗಿದ ಮೇಲೆ ನಮ್ಮೂರಿನಲ್ಲಿ ನಾವಿರುವ ಮೇಲಿನ ಬೀದಿಗೂ ಕೆಳಗಿನ ಬೀದಿಗೂ ಹೊಡೆದಾಟವಾಯಿತು. ದೊಡ್ಡವ್ವನ ಗಂಡ ಏಟು ತಿಂದು ಸತ್ತ. ನನ್ನ ಮನೆ ಸುಟ್ಟರು. ಕೆಳಗಿನ ಬೀದಿಯಲ್ಲೂ ಮನೆಗಳು ಸುಟ್ಟುಹೋದವು, ನಮ್ಮವರೇನು ಸುಮ್ಮನಿರಲಿಲ್ಲ. ನಾನು ಸಣ್ಣದರಲ್ಲೇ ಸ್ಕೂಲು ಬಿಟ್ಟವನು. ಆದರೆ ಬ್ಯಾರನ್ ಅನ್ನುವ ಗೂಡಿನ ಒಲೆಗೆ ಬೆಂಕಿ ಹಾಕಿ ಹೊಗೆಸೊಪ್ಪು ಬೇಯಿಸುವುದಕ್ಕೆ ಸುತ್ತಲ ಹಳ್ಳಿಯವರೆಲ್ಲ ನನ್ನನ್ನೇ ಕರೆಯುತ್ತಿದ್ದರು. ಮನೆ ಸುಟ್ಟ ಮೇಲೆ ಒಂದು ಕಡ್ಡಿ ಗೀರುವುದಕ್ಕೂ ನನ್ನಿಂದ ಆಗದೆ ಹೋಯಿತು. ಯಾರಿಗೆ ಹೇಳಲಿ? ಗಂಡಸು…

ದೊಡ್ಡವ್ವನಿಗೆ ಹೇಗೋ ಗೊತ್ತಾಯಿತು. ಸೊಪ್ಪು ವಿಂಗಡಿಸಲು ತನ್ನ ಕೊಟ್ಟಿಗೆಗೆ ಕರೆದಳು. ಅದು ಹೆಂಗಸರ ಕೆಲಸ. ನೋಡಿದರೆ ಕೆಳಗಿನ ಬೀದಿಯ ಹೆಂಗಸರೂ ಅಲ್ಲಿ ಕೂತಿದ್ದರು!

"ಇವ್ನಿಗೊಂದು ಸೀರೆ ಉಡ್ಸವ್ವ," ಎಂದು ಅವರಲ್ಲೊಬ್ಬಳು ನಕ್ಕಳು.

"ನೀ ಉಟ್ಟಿರೋದ್ನೇ ಬಿಚ್ಕೊಡೇ," ಎಂದ ದೊಡ್ಡವ್ವ ನನ್ನ ಕಡೆ ತಿರುಗಿದಳು. "ಸೊಪ್ಪು ನೋಡ್ಲಾ. ಯಾರ್ ಮಖಾನೂ ನೋಡ್ಬ್ಯಾಡ."

ಅದೇ ಅಲ್ಲಿನ ಕಟ್ಟುಪಾಡು. ಒಬ್ಬರು ತಮಗಾದದ್ದನ್ನು ಹೇಳುವಾಗ ಉಳಿದವರು ಎಲೆಯಿಂದ ಕಣ್ಣೆತ್ತುವಂತಿಲ್ಲ. ಯಾರು ಮಾಡಿದ್ದು ಅಂತ ಕೇಳುವಂತಿಲ್ಲ. ಹಳದಿ ಎಲೆ ಈ ಕಡೆ, ಕಂದು ಎಲೆ ಆ ಕಡೆ ಹಾಕುತ್ತಾ ಒಂದು ದಿನ ನಾನೂ ನನ್ನ ಮನೆ ಉರಿದದ್ದನ್ನು ಹೇಳಿಬಿಟ್ಟೆ. ಎಲ್ಲರ ಕೈಗಳೂ ಎಲೆ ವಿಂಗಡಿಸುತ್ತಲೇ ಇದ್ದವು. ಆಮೇಲೆ ಕೆಳಗಿನ ಬೀದಿಯವಳೊಬ್ಬಳು ತನ್ನ ಮನೆ ಉರಿದದ್ದನ್ನು ಹೇಳಿದಳು… ಮುಂದಿನ ಬೆಳೆಗೆ ನಾನು ಮತ್ತೆ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಿದೆ.

ಎರಡೂ ಬೀದಿಯವರು ಒಟ್ಟಿಗೆ ಕೂರುವ ಸುದ್ದಿ ಹಾಸನಕ್ಕೆ ಮುಟ್ಟಿ, ಶಾಂತಿ ಕಾರ್ಯಕ್ರಮ ಮಾಡುವವರು ಕಾರಿನಲ್ಲಿ ಬಂದಿಳಿದರು. ಇವರನ್ನು ಕರೆದವರು ಯಾರು? ಶಾಮಿಯಾನ, ಮೈಕು, ಹಾರ. ದೊಡ್ಡವ್ವನನ್ನು ವೇದಿಕೆ ಹತ್ತಿಸಿದರು. ಅವಳ ಗಂಡನಿಗೆ ಹೊಡೆದನೆಂದು ಜೈಲಿನಲ್ಲಿದ್ದ ಹುಡುಗನ ತಾಯಿಯನ್ನೂ ಹತ್ತಿಸಿದರು. ಆಕೆಯೂ ಕೊಟ್ಟಿಗೆಗೆ ಬರುತ್ತಿದ್ದವಳೇ.

"ಕ್ಷಮಿಸಿದ್ದೀನಿ ಅಂತ ಹೇಳಿ ತಬ್ಬಿಕೊಳ್ಳಿ ಅಮ್ಮ. ಹಾಂ, ಈ ಕಡೆ ನೋಡಿ," ಎಂದು ಬಂದವರಲ್ಲೊಬ್ಬ ಫೋನು ಎತ್ತಿ ಹಿಡಿದ.

"ನಾವು ಅಂಗೆಲ್ಲ ಮಾತಾಡ್ಕಂಡಿಲ್ಲ ಕಣ್ ಸಾ," ಎಂದಳು ದೊಡ್ಡವ್ವ.

ಕೇಳುವವರು ಯಾರು? ಇಬ್ಬರನ್ನೂ ತೋಳು ಹಿಡಿದು ತಬ್ಬಿಸಿದರು. ಚಪ್ಪಾಳೆ! ಊಟ ಮುಗಿಯುವಷ್ಟರಲ್ಲಿ ವಿಡಿಯೋ ಊರವರ ಫೋನಿಗೆಲ್ಲ ಬಂತು, 'ಕೊಲೆಗಾರನ ತಾಯಿ' ಎಂದು ಬರೆಸಿಕೊಂಡು.

ಮಾರನೆಯ ದಿನದಿಂದ ಕೆಳಗಿನ ಬೀದಿಯವರು ಯಾರೂ ಬರಲಿಲ್ಲ. ನಮ್ಮ ಬೀದಿಯವರೂ ಒಬ್ಬೊಬ್ಬರಾಗಿ ಬಿಟ್ಟರು. ನಾನು ಹೋಗಿ ಕೂರುತ್ತಿದ್ದೆ. ದೊಡ್ಡವ್ವ ಬಾಗಿಲ ಕಡೆ ನೋಡುತ್ತಾ ಎಲೆ ವಿಂಗಡಿಸುತ್ತಿದ್ದಳು. ಹಾಗೇ ಕೊರಗಿ ಹೋದಳು… ಚಪ್ಪಾಳೆ ತಟ್ಟಿದ ಪುಣ್ಯಾತ್ಮರು ಒಬ್ಬರೂ ಮಣ್ಣಿಗೆ ಬರಲಿಲ್ಲ.

ಮೊನ್ನೆ ಆ ಟೆಂಪೊ ನೋಡಿದ ದಿನವೇ ಅರಕಲಗೂಡಿನ ಬಸ್ಸಿನಲ್ಲಿ ಆ ಹುಡುಗನ ತಾಯಿ ನನ್ನ ಪಕ್ಕದಲ್ಲಿ ಬಂದು ಕೂತಳು.

"ಮಗ ಬಿಡುಗಡೆಯಾಗಿ ಬಂದವ್ನೆ ಕಣಪ್ಪ. ಯಾರ್ ತಾವೂ ಮಾತಿಲ್ಲ, ನಿದ್ದೇಲಿ ಕಿರುಚ್ತಾನೆ. ಆ ಯಮ್ಮ ಇದ್ದಿದ್ರೆ…"

"ನಮ್ಮನೇಗೆ ಕಳ್ಸಕ್ಕ, ಸೊಪ್ಪು ವಿಂಗಡ್ಸಕ್ಕೆ. ನಾನಿದೀನಲ್ಲ," ಎಂದೆ.

ಆಕೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳಿದಳು: "ವಿಡಿಯೋ ತೆಗ್ಯಲ್ಲ ತಾನೆ?"

ಆ ಕಾರಿನಲ್ಲಿ ಬಂದವರ ಮೇಲಿನ ಸಿಟ್ಟು ಮತ್ತೆ ಎದ್ದಿತು. ಇಲ್ಲಕ್ಕ ಅನ್ನುವಷ್ಟರಲ್ಲಿ ಅವಳ ಸ್ಟಾಪು ಬಂದಿತ್ತು, ಇಳಿದು ಹೋದಳು.